ಕಣ್ಣು ತೆಗೆಯದ ಇಪ್ಪತ್ತು ನಿಮಿಷ

ಆಗೆಲ್ಲ ಬೆಳಗಾವಿಯಲ್ಲಿ ರಾತ್ರಿ ಊಟದ ಹೊತ್ತಿಗೆ ಸರಿಯಾಗಿ ಕರೆಂಟು ಹೋಗುತ್ತಿತ್ತು. ಶಿವಬಸವ ನಗರದ ನಮ್ಮ ಓಣಿಯ ಹೆಂಗಸರು ಬಯ್ಯುತ್ತಾ ಮೇಣಬತ್ತಿ ಹುಡುಕುತ್ತಿದ್ದರೆ ನಾನು ಮತ್ತು ಮಲ್ಲೂ ಕಾಕಾ ಕೈಯಲ್ಲಿದ್ದ ರೊಟ್ಟಿ ಸಮೇತ ಮಾಳಿಗೆ ಹತ್ತಿಬಿಡುತ್ತಿದ್ದೆವು. ಕತ್ತಲೆಂದರೆ ಹಬ್ಬ ಅನ್ನುವ ಮನುಷ್ಯ ಆ ಓಣಿಯಲ್ಲಿ ಅವನೊಬ್ಬನೇ. ಎರಡನೆಯವಳು ನಾನು.

ಮಲ್ಲೂ ಕಾಕಾ ನಮ್ಮಪ್ಪನ ತಮ್ಮ. ಮದುವೆ ಆಗಿರಲಿಲ್ಲ, ನಮ್ಮ ಮನೆಯಲ್ಲೇ ಇದ್ದ. ಉದ್ಯಮಬಾಗದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇಥ್ ಮಶೀನ್ ಮೇಲೆ ಕೆಲಸ. ಎಷ್ಟು ಸಬಕಾರ ಹಾಕಿ ತೊಳೆದರೂ ಅವನ ಕೈಗೆ ಕಟಿಂಗ್ ಆಯಿಲಿನ ವಾಸನೆ ಇರುತ್ತಿತ್ತು. ಆ ಕೈಗಳಿಂದಲೇ ಅವನೊಂದು ದುರ್ಬೀನು ಮಾಡಿದ್ದ. ಬೋರ್‌ವೆಲ್ಲಿನ ಕೇಸಿಂಗ್ ಪೈಪಿನೊಳಗೆ ಆರಿಂಚಿನ ಕನ್ನಡಿ. ಅದನ್ನು ಹೊರುವ ಕಬ್ಬಿಣದ ಕಾಲು, ಚುಕ್ಕಿಗಳು ಸರಿದ ಹಾಗೆ ದುರ್ಬೀನನ್ನೂ ಸರಿಸುವ ಮೋಟಾರು, ಗೇರು, ಎಲ್ಲವನ್ನೂ ಡ್ಯೂಟಿ ಮುಗಿದ ಮೇಲೆ ಲೇಥಿನ ಮೇಲೆ ತಾನೇ ಕಡೆದಿದ್ದ. ಮದುವೆ ಫೋಟೋ ತೆಗೆಯುವ ಗೆಳೆಯನೊಬ್ಬ ಮಾರಿದ ಎರಡು ಹಳೆಯ ಡಿಜಿಟಲ್ ಕ್ಯಾಮರಾಗಳೂ ಅವನ ಹತ್ತಿರ ಇದ್ದವು.

ಆದರೆ ಗೇರಿನಲ್ಲಿ ಒಂದು ತಪ್ಪು ಉಳಿದಿತ್ತು. ಎಂಟು ನಿಮಿಷಕ್ಕೊಮ್ಮೆ ಅದು ಒಂದು ಸುತ್ತು ಮುಗಿಸುವಾಗ ಕೂದಲೆಳೆಯಷ್ಟು ಎಡವುತ್ತಿತ್ತು. ಒಂದು ನಿಮಿಷ ಶಟರ್ ತೆರೆದಿಟ್ಟರೆ ಫೋಟೋದಲ್ಲಿ ಚುಕ್ಕಿಗಳು ಸಾಸಿವೆಯ ಹಾಗೆ ದುಂಡಗೆ ಬರುತ್ತಿದ್ದವು. ಐದು ನಿಮಿಷ ಇಟ್ಟರೆ ಜೀರಿಗೆ. ಹತ್ತು ನಿಮಿಷ ಇಟ್ಟರೆ ಶಾವಿಗೆ.

ಅವನ ಜೊತೆಗೇ ಡ್ರಿಲ್ಲಿಂಗ್ ಮಶೀನಿನ ಮೇಲೆ ಕೆಲಸ ಮಾಡುವ ಸಿದ್ರಾಯಿ ಮಾಮಾ ಆ ಶಾವಿಗೆ ಫೋಟೋ ನೋಡಿ ನಗುತ್ತಿದ್ದ. "ಒಂದೊಂದು ನಿಮಿಷದ್ದು ನೂರು ತಗೊಂಡು ಕಂಪ್ಯೂಟರಿನ್ಯಾಗ ಕೂಡಸೋ ಮಾರಾಯಾ. ಯಾಕ ಬಡದಾಡ್ತಿ?"

"ಮಬ್ಬ ಬೆಳಕ ಒಂದ ನಿಮಿಷಕ್ಕ ಮಾರಿ ತೋರಸೂದಿಲ್ಲೋ" ಎನ್ನುತ್ತಿದ್ದ ಕಾಕಾ. "ಬಾಗಲಾ ತಗದ ಇಟ್ಟು ಕಾಯಬೇಕು. ಇಪ್ಪತ್ತ ನಿಮಿಷರೇ ಕಾಯಬೇಕು."

ಇಪ್ಪತ್ತು ನಿಮಿಷ ಕಾಯಬೇಕೆಂದರೆ ಗೇರನ್ನು ನಂಬುವಂತಿರಲಿಲ್ಲ, ಯಾರಾದರೂ ಕಾವಲು ಕೂರಬೇಕಿತ್ತು. ಅದಕ್ಕಾಗಿ ದೊಡ್ಡ ದುರ್ಬೀನಿನ ಬೆನ್ನಿಗೆ ಒಂದು ಚಿಕ್ಕ ದುರ್ಬೀನು ಕಟ್ಟಿದ್ದ. ಅದರ ಕಣ್ಣಿನಲ್ಲಿ ಕೆಂಪಗೆ ಬೆಳಗುವ ಎರಡು ತೆಳು ಗೆರೆಗಳು, ಕೂಡಿಸುವ ಚಿಹ್ನೆಯ ಹಾಗೆ. ಯಾವುದಾದರೊಂದು ಚುಕ್ಕಿಯನ್ನು ಆ ಗೆರೆಗಳು ಕೂಡುವಲ್ಲಿ ಕೂರಿಸಿ, ಅದು ಒಂದಿಷ್ಟು ಸರಿದರೂ ಕೈಯಲ್ಲಿದ್ದ ನಾಲ್ಕು ಗುಂಡಿಯ ಡಬ್ಬಿಯಿಂದ ಮತ್ತೆ ನಡುವಿಗೆ ತರಬೇಕು. ಇಪ್ಪತ್ತು ನಿಮಿಷ ಕಣ್ಣು ತೆಗೆಯುವಂತಿಲ್ಲ. ಇದಕ್ಕೆ 'ಗೈಡ್ ಮಾಡೂದು' ಎನ್ನುತ್ತಿದ್ದ. ಅವನ ಬಲಗಣ್ಣಿಗೆ ಹಿಂದೊಮ್ಮೆ ಕಬ್ಬಿಣದ ಚೂರು ಸಿಡಿದಿತ್ತು. ಎಡಗಣ್ಣು ಐದೇ ನಿಮಿಷಕ್ಕೆ ನೀರು ಸುರಿಸುತ್ತಿತ್ತು. ಹೀಗಾಗಿ ಆ ಕೆಲಸ ನನ್ನ ಪಾಲಿಗೆ ಬಂತು.

"ನಮ್ಮ ಪಾರೂನ ಕಣ್ಣ ಅಂದ್ರ ಡಯಲ್ ಗೇಜು" ಎಂದು ಎಲ್ಲರೆದುರು ಹೇಳುತ್ತಿದ್ದ. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಹಿಡಿಯುವ ಕಾರ್ಖಾನೆಯ ಅಳತೆ ಉಪಕರಣ ಅದು. ನಾನಾಗ ಏಳನೇ ಇಯತ್ತೆ. ಶಾಲೆಯಲ್ಲಿ ಯಾರೂ ನನ್ನನ್ನು ಯಾವುದಕ್ಕೂ ಹೊಗಳಿದ್ದಿಲ್ಲ. ಆ ಒಂದು ಮಾತಿಗಾಗಿ ಇಡೀ ರಾತ್ರಿ ಕೂರಲು ತಯಾರಿದ್ದೆ.

ಊರೊಳಗೆ ಕರೆಂಟು ಯಾವಾಗ ಬರುತ್ತದೋ ಹೇಳಲಾಗದು. ಅದಕ್ಕೆ ದುರ್ಬೀನನ್ನು ಸಿದ್ರಾಯಿ ಮಾಮಾನ ಹೊಲದ ಮನೆಯಲ್ಲಿ ಇಟ್ಟಿದ್ದೆವು. ಅದು ಖಾನಾಪುರ ದಾಟಿ ದಕ್ಷಿಣಕ್ಕೆ, ಕಾಡಿನ ಅಂಚಿನಲ್ಲಿತ್ತು. ಆ ಚಳಿಗಾಲದಲ್ಲಿ ಚಂದ್ರನಿಲ್ಲದ ಶನಿವಾರಗಳಂದು ಕಾಕಾನ ಡ್ಯೂಟಿ ಮುಗಿದ ಕೂಡಲೇ ಇಬ್ಬರೂ ಬಸ್ಸು ಹತ್ತುತ್ತಿದ್ದೆವು. ಪೀರನವಾಡಿ ದಾಟಿದ ಮೇಲೆ ಗಾಳಿಯ ವಾಸನೆ ಬದಲಾಗುತ್ತಿತ್ತು. ಮೊದಲು ಇಟ್ಟಂಗಿ ಭಟ್ಟಿಯ ಹೊಗೆ, ಆಮೇಲೆ ಕೊಯ್ದ ಭತ್ತದ ಹುಲ್ಲು, ಖಾನಾಪುರ ಬರುವ ಹೊತ್ತಿಗೆ ಹಸಿ ಎಲೆಯ ತಂಪು.

ಹೊಲದ ಮನೆಯಲ್ಲಿ ಸಿದ್ರಾಯಿ ಮಾಮಾ, ಅವನ ಹೆಂಡತಿ ಶಾಂತಕ್ಕ, ಮತ್ತು ಅವನ ತಾಯಿ ಲಗಮವ್ವ ಇದ್ದರು. ಲಗಮವ್ವನನ್ನು ನಾನು ಆಯಿ ಎನ್ನುತ್ತಿದ್ದೆ. ಅವರು ಸವದತ್ತಿ ಕಡೆಯ ಕುರುಬರು. ಆಯಿ ವಯಸ್ಸಿನಲ್ಲಿದ್ದಾಗ ಕುರಿ ಹಿಂಡಿನ ಹಿಂದೆ ಬೈಲಸೀಮೆಯಿಂದ ಈ ಕಾಡಿನ ಅಂಚಿನವರೆಗೂ ನಡೆದವಳು. ಮಗನಿಗೆ ಕಾರ್ಖಾನೆಯ ಪಗಾರ ಸಿಕ್ಕ ಮೇಲೆ ಕುರಿ ಮಾರಿದ್ದರು. ಅದಾಗಿ ಎಷ್ಟೋ ವರ್ಷಗಳಾಗಿದ್ದವು. ಮಾರಿದ್ದು ಆಯಿಗೆ ನೆನಪಿರಲಿಲ್ಲ.

ಆಯಿಗೆ ಯಾವುದೂ ನೆನಪಿರುತ್ತಿರಲಿಲ್ಲ. ನಾವು ಹೋದ ಪ್ರತಿ ಶನಿವಾರ ನನ್ನ ಗದ್ದ ಹಿಡಿದು "ಯಾರ ಮಗಳವಾ ನೀ?" ಎಂದು ಕೇಳುತ್ತಿದ್ದಳು. ಹೇಳಿದರೆ "ಹೌದೇನು" ಎಂದು ನಕ್ಕು, ಒಂದು ಗಳಿಗೆ ಬಿಟ್ಟು ಮತ್ತೆ ಅದನ್ನೇ ಕೇಳುತ್ತಿದ್ದಳು. ಬಾಯಿಯಿಂದ ಮಿಶ್ರಿಯ ಘಾಟು, ಆ ಸುಟ್ಟ ತಂಬಾಕಿನ ಪುಡಿಯ ವಾಸನೆ ಬರುತ್ತಿತ್ತು. ಹಗಲೆಲ್ಲ ಅವಳು ಶಾಂತ. ಹೊತ್ತು ಮುಳುಗಿತೆಂದರೆ ಕಟ್ಟೆಯಿಂದ ಎದ್ದುಬಿಡುತ್ತಿದ್ದಳು. "ಕುರಿ ಇನ್ನೂ ಬಂದಿಲ್ಲ" ಎಂದು ಬಾಗಿಲಿಗೂ ಅಂಗಳಕ್ಕೂ ತಿರುಗಾಡಿ, ಹೊಲದ ಕಡೆ ಮುಖ ಮಾಡಿ ನಿಂತು ಗಂಟಲಿನಿಂದ "ಹುರ್ರ್ಯಾ... ಹುರ್ರ್ಯಾ..." ಎಂದು ಕೂಗುತ್ತಿದ್ದಳು. ಆ ಕೂಗಿಗೆ ನಾಯಿ ಕೂಡ ಬೊಗಳುವುದನ್ನು ನಿಲ್ಲಿಸಿ ಕಿವಿ ನಿಮಿರಿಸುತ್ತಿತ್ತು.

ಒಮ್ಮೆ ನಾನು ಅವಳ ಪಕ್ಕ ನಿಂತಿದ್ದೆ. ಕೊಯ್ದ ಗದ್ದೆಯ ಮೇಲೆ ಮಂಜು ಎದ್ದಿತ್ತು. ಆಯಿ ಬೆರಳು ಚಾಚಿ, ಖಾಲಿ ಹೊಲದಲ್ಲಿ ಎಡದಿಂದ ಬಲಕ್ಕೆ ಎಣಿಸತೊಡಗಿದಳು. "ಹನ್ನೊಂದು... ಹನ್ನೆರಡು... ಇದು ಹದಿಮೂರು, ಕುಂಟಿ..." ಅವಳ ಬೆರಳಿನ ಹಿಂದೆ ನನ್ನ ಕಣ್ಣೂ ಹೋಯಿತು. ಕುಂಟುವ ಒಂದು ಕುರಿಯನ್ನು ನಾನೂ ಹುಡುಕುತ್ತಿದ್ದೇನೆಂದು ತಿಳಿದಾಗ ಓಡಿ ಒಳಗೆ ಹೋಗಿ ಶಾಂತಕ್ಕನ ಒಲೆಯ ಮುಂದೆ ಕೂತುಬಿಟ್ಟೆ.

ಎಳ್ಳಮಾಸಿಯ ದಿನ, ಅಂದರೆ ಎಳ್ಳು ಅಮಾವಾಸ್ಯೆಯಂದು, ನಡೆದ ಸಂಗತಿಯನ್ನು ಈಗ ಹೇಳುತ್ತೇನೆ.

ಅವರು ಬೈಲಸೀಮೆಯವರಾದ್ದರಿಂದ ಕಾಡಿನಂಚಿಗೆ ಬಂದರೂ ಎಳ್ಳಮಾಸಿ ಬಿಟ್ಟಿರಲಿಲ್ಲ. ಶಾಂತಕ್ಕ ಬೆಳಿಗ್ಗೆಯಿಂದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಕಡಬು, ಪುಂಡಿಪಲ್ಲೆ, ಬದನೆಕಾಯಿ ಎಣ್ಣೆಗಾಯಿ ಎಲ್ಲ ಮಾಡಿದ್ದಳು. ಹೊಲದ ನಾಲ್ಕೂ ಮೂಲೆಗೆ ಚರಗ, ಭೂಮಿತಾಯಿಯ ಪಾಲಿನ ಎಡೆ, ಚೆಲ್ಲಿ ಬಂದೆವು. ಆಯಿ ಅಂದು ಬಹಳ ಗೆಲುವಾಗಿದ್ದಳು. ತನ್ನ ತಾಟಿನಿಂದ ಅರ್ಧ ಹೋಳಿಗೆ ಮುರಿದು ನನ್ನ ಬಾಯಿಗೆ ತುರುಕಿದಳು.

ಆ ಸಲ ನನಗೊಂದು ಕೆಲಸವೂ ಇತ್ತು. ಶಾಲೆಯಲ್ಲಿ ವಿಜ್ಞಾನ ಪ್ರದರ್ಶನವಿತ್ತು. ಒಂದು ಹಾಳೆಯ ಮೇಲೆ ಎರಡು ಫೋಟೋ ಅಂಟಿಸಬೇಕೆಂದು ಕಾಕಾ ಹೇಳಿಕೊಟ್ಟಿದ್ದ. ಒಂದು, ಗೈಡ್ ಮಾಡಿ ತೆಗೆದದ್ದು. ಇನ್ನೊಂದು, ಗೈಡೂ ಇಲ್ಲದೆ ಮೋಟಾರೂ ಇಲ್ಲದೆ ಸುಮ್ಮನೆ ಕ್ಯಾಮರಾ ಇಟ್ಟು ತೆಗೆದದ್ದು.

ಎರಡನೆಯದಕ್ಕಾಗಿ ಇನ್ನೊಂದು ಕ್ಯಾಮರಾವನ್ನು ಹುಲ್ಲಿನ ಬಣವೆಯ ಪಕ್ಕದ ಕಲ್ಲಿನ ಗೋಡೆಯ ಮೇಲೆ, ಮರಳಿನ ಚೀಲದ ಮೇಲೆ ಕೂರಿಸಿ ದಕ್ಷಿಣಕ್ಕೆ ಮುಖ ಮಾಡಿಟ್ಟ. "ದುರ್ಬೀನೂ ಕಾಣ್ಲಿ, ನೀನೂ ಕಾಣ್ಲಿ, ಹಿಂದ ಗುಡ್ಡಾನೂ ಬರಲಿ. ಸಾಲಿಯವರಿಗೆ ಖರೇ ಅನಸ್ತೈತಿ" ಎಂದು, ಗುಂಡಿ ಒತ್ತಿ ಬಿಗಿದುಬಿಟ್ಟ. ಮೂವತ್ತು ಸೆಕೆಂಡಿಗೊಂದು ಫೋಟೋ, ಬ್ಯಾಟರಿ ಮುಗಿಯುವವರೆಗೂ. ಟಕ್. ಮತ್ತೆ ಟಕ್. ಆ ಕತ್ತಲಲ್ಲಿ ಅದೊಂದೇ ಗಡಿಯಾರ.

ಆಕಾಶದಲ್ಲಿ ಮೂರು ಚುಕ್ಕಿಗಳು ಸಾಲಾಗಿ ನಿಂತಿದ್ದವು. ಆಯಿ ಅದನ್ನು ಬೀಜ ಬಿತ್ತುವ 'ಕೂರಿಗಿ' ಎನ್ನುತ್ತಿದ್ದಳು. ಆ ಮೂರರಲ್ಲಿ ಒಂದರ ಹತ್ತಿರ, ಬರಿಗಣ್ಣಿಗೆ ಏನೂ ಇಲ್ಲದಲ್ಲಿ, ಕೆಂಪು ಮೋಡದ ನಡುವೆ ಕುದುರೆಯ ತಲೆಯಂತಹ ಒಂದು ಕಪ್ಪು ಆಕಾರ ಇದೆಯೆಂದು ಕಾಕಾ ಹೇಳಿದ್ದ. ಎರಡು ಚಳಿಗಾಲದಿಂದ ಅದರ ಬೆನ್ನು ಬಿದ್ದಿದ್ದ. ಅದು ಬಂದಿರಲಿಲ್ಲ.

ಮೊದಲನೆಯ ಸಲ ಎಂಟನೇ ನಿಮಿಷಕ್ಕೆ ಗೇರು ಎಡವಿದಾಗ ನನ್ನ ಹೆಬ್ಬೆರಳು ತಡವಾಯಿತು. ಕೆಟ್ಟಿತು. ಎರಡನೆಯ ಸಲ ಶುರು ಮಾಡಿ ಸ್ವಲ್ಪ ಹೊತ್ತಿಗೆ ಮೋಟಾರಿನ ದನಿ ಇಳಿಯತೊಡಗಿತು. ಬ್ಯಾಟರಿ ಸಾಯುತ್ತಿತ್ತು.

"ಟ್ರ್ಯಾಕ್ಟರಿಂದು ಬಿಚ್ಚಿ ತರ್ತೀವಿ" ಎಂದ ಕಾಕಾ. "ನಾ ಬರೂತನಕ ಕಣ್ಣ ತಗೀಬ್ಯಾಡ. ಮನಿ ಬಿದ್ದ ಸಪ್ಪಳಾದ್ರೂ ತಗೀಬ್ಯಾಡ."

"ಹೂಂ."

ಅವನೂ ಸಿದ್ರಾಯಿ ಮಾಮಾನೂ ಮನೆಯ ಆಚೆ ಬದಿಯ ಶೆಡ್ಡಿಗೆ ಹೋದರು. ಕಂಬಳಿ ಹೊದ್ದು ಸ್ಟೂಲಿನ ಮೇಲೆ ಕೂತಿದ್ದೆ. ಪಕ್ಕದಲ್ಲಿ ನೆಲದ ಮೇಲೆ ಕೆಂಪು ಕಾಗದ ಕಟ್ಟಿದ ಟಾರ್ಚು ಇತ್ತು. ಬಿಳಿ ಬೆಳಕು ಕಣ್ಣಿಗೆ ಹೊಡೆಯಬಾರದೆಂದು ಮಿಠಾಯಿ ಪೊಟ್ಟಣದ ಕಾಗದ ಕಟ್ಟಿದ್ದೆವು. ನನ್ನ ಮುಂದೆ ಒಂದು ಚುಕ್ಕಿ, ಎರಡು ಕೆಂಪು ಗೆರೆ. ಅಷ್ಟೇ ಜಗತ್ತು. ತುಂಬಾ ಹೊತ್ತು ಹಾಗೆ ನೋಡಿದರೆ ಕಣ್ಣೊಂದೇ ಉಳಿದು ಮೈ ಎಲ್ಲೋ ಹಿಂದೆ ಬಿಟ್ಟುಹೋದ ಹಾಗೆ ಆಗುತ್ತದೆ. ಹಿಂದೆ ಟಕ್. ಮತ್ತೆ ಟಕ್.

ಆಮೇಲೆ ಗದ್ದೆಯ ಕೂಳೆ ಮುರಿಯುವ ಸದ್ದು ಬಂತು. ಬರಿಗಾಲಿನದು. ಕಾಕಾ ಚಪ್ಪಲಿ ಹಾಕಿದ್ದ.

ಸದ್ದು ನನ್ನ ಬೆನ್ನ ಹಿಂದೆ ನಿಂತಿತು. ಏನನ್ನೋ ನೆಲದಿಂದ ಎತ್ತಿದ ಹಾಗಾಯಿತು. ಮುಚ್ಚಿದ ನನ್ನ ಎಡಗಣ್ಣಿನ ರೆಪ್ಪೆಯ ಮೇಲೆ ಕೆಂಪು ಬೆಳಕು ಬಿತ್ತು. ಮಿಶ್ರಿಯ ವಾಸನೆ.

"ಏ ತಂಗಿ."

ನಾನು ಕೈಯಲ್ಲಿದ್ದ ಡಬ್ಬಿಯನ್ನು ಬಿಗಿಯಾಗಿ ಹಿಡಿದೆ.

"ನಮ್ಮ ಕುರಿ ಈ ಕಡಿ ಬಂದಾವೇನ?"

ಚುಕ್ಕಿ ಎಡಕ್ಕೆ ಸರಿಯಿತು. ಗುಂಡಿ ಒತ್ತಿ ಎಳೆದು ತಂದೆ.

"ಹೇಳವಾ. ಒಂದ ಮರಿ ಹಿಂದ ಉಳದೈತಿ. ತಾಯಿ ಒದರಾಕತ್ತೈತಿ, ಕೇಳವಲ್ದೇನ?"

ನನಗೆ ಏನೂ ಕೇಳಿಸುತ್ತಿರಲಿಲ್ಲ. ಎಂಟನೇ ನಿಮಿಷ ಹತ್ತಿರ ಬರುತ್ತಿತ್ತು. ಅಷ್ಟರಲ್ಲಿ ಅವಳ ಕೈ ನನ್ನ ಹೆಗಲ ಮೇಲೆ ಬಿತ್ತು. ತಣ್ಣಗಿತ್ತು, ಕಂಬಳಿ ದಾಟಿ ತಣ್ಣಗೆ ತಾಕಿತು. ಅವಳ ಭಾರಕ್ಕೆ ನನ್ನ ಹಣೆ ದುರ್ಬೀನಿಗೆ ತಗುಲಿ ಚುಕ್ಕಿ ನಡುಗಿತು. ಎದೆ ಧಸಕ್ಕೆಂದಿತು. ಹೆದರಿಕೆಯಿಂದಲ್ಲ. ಇನ್ನೊಂದು ಸಲ ಕೆಟ್ಟರೆ ಕಾಕಾ ಡಯಲ್ ಗೇಜು ಎನ್ನುವುದಿಲ್ಲ ಎಂದು.

"ಮುಂದ ಹೋಗ್ಯಾವು ಆಯಿ" ಎಂದೆ. "ಅಲ್ಲೆ. ಮುಂದ."

ಕೈ ಮೇಲೆದ್ದಿತು.

"ಹೌದಾ? ಚಲೋ ಆತು ಬಿಡವಾ."

ಕೂಳೆ ಮುರಿಯುವ ಸದ್ದು ದೂರವಾಯಿತು. ಯಾವ ಕಡೆಗೆ ಎಂದು ನಾನು ಕಿವಿಗೊಡಲಿಲ್ಲ. ಗೇರು ಎಡವಿತು. ಈ ಸಲ ನನ್ನ ಬೆರಳು ಅದಕ್ಕಿಂತ ಮೊದಲೇ ಅಲ್ಲಿತ್ತು.

ಕಾಕಾ ಬಂದು ಮೋಟಾರು ನಿಲ್ಲದ ಹಾಗೆ ಟ್ರ್ಯಾಕ್ಟರಿನ ಬ್ಯಾಟರಿ ಜೋಡಿಸಿದ. ಇಪ್ಪತ್ತನೇ ನಿಮಿಷಕ್ಕೆ ಶಟರ್ ಮುಚ್ಚಿದಾಗ ನನ್ನ ಕುತ್ತಿಗೆ ಕಟ್ಟಿಗೆಯಾಗಿತ್ತು. ಕ್ಯಾಮರಾದ ಪರದೆಯ ಮೇಲೆ ಫೋಟೋ ಮೂಡಿತು. ಮಸುಕು ಕೆಂಪಿನ ನಡುವೆ, ಯಾರೋ ಹಿಂದೆ ಬಚ್ಚಿಟ್ಟುಕೊಂಡು ಇಣುಕುತ್ತಿರುವ ಹಾಗೆ, ಕಪ್ಪಗೆ ಕುದುರೆಯ ತಲೆ. ಸುತ್ತ ಎಲ್ಲ ಚುಕ್ಕಿಗಳೂ ಸಾಸಿವೆ.

ಕಾಕಾ ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದ. "ಬಂತಲ್ಲೋ ಸಿದ್ರಾಯಿ! ಬಂತು!" ಎಂದು ಕೂಗಿದ. ಒಲೆ ಹೊತ್ತಿಸಿ ಮೂವರೂ ಚಹಾ ಕುಡಿದೆವು. ಆಯಿ ಕೋಣೆಯಲ್ಲಿ ಮಲಗಿರಬೇಕೆಂದುಕೊಂಡೆ. ನಿಜ ಹೇಳಬೇಕೆಂದರೆ ಏನೂ ಅಂದುಕೊಳ್ಳಲಿಲ್ಲ. ಮರೆತಿದ್ದೆ. ಹಾಗೇ ಮಲಗಿ ನಿದ್ದೆ ಹೋದೆ.

ಶಾಂತಕ್ಕನ ಕೂಗಿಗೆ ಎಚ್ಚರವಾಯಿತು.

"ಅತ್ತಿ ಹಾಸಗ್ಯಾಗ ಇಲ್ರಿ! ಹಿತ್ತಲ ಬಾಗಲ ತಗದೈತಿ!"

ಈ ಹಿಂದೆ ಎರಡು ಸಲ ಆಯಿ ಎದ್ದು ಹೋದಾಗ ಡಾಂಬರು ರಸ್ತೆಯ ಮೇಲೆ ಸಿಕ್ಕಿದ್ದಳಂತೆ. ಕಾಕಾ ಮತ್ತು ಸಿದ್ರಾಯಿ ಮಾಮಾ ಮೋಟಾರ್‌ಸೈಕಲ್ ತೆಗೆದು ಆ ಕಡೆಗೇ ಹೋದರು. ಅದು ಉತ್ತರದ ದಿಕ್ಕು. ಶಾಂತಕ್ಕ ಕಂದೀಲು ಹಿಡಿದು ಮನೆಯ ಸುತ್ತ, ಬಾವಿಯ ಸುತ್ತ ಕೂಗುತ್ತಾ ತಿರುಗಿದಳು. ಬಾವಿಯೊಳಗೆ ಕಂದೀಲು ಇಳಿಬಿಟ್ಟು ಬಗ್ಗಿ ನೋಡಿದಳು. ನಾನು ಅಂಗಳದಲ್ಲಿ ನಿಂತಿದ್ದೆ. ಬಾಯಿ ತೆರೆದರೆ ಆ ಮಾತು ಹೊರಗೆ ಬೀಳುತ್ತದೆಂದು ಹಲ್ಲು ಕಚ್ಚಿಕೊಂಡಿದ್ದೆ.

ಆಗ ನನಗೆ ಗೋಡೆಯ ಮೇಲಿನ ಕ್ಯಾಮರಾ ನೆನಪಾಯಿತು. ಅದರ ಸದ್ದು ನಿಂತಿತ್ತು. ಮೈಯೆಲ್ಲ ಇಬ್ಬನಿಯಾಗಿತ್ತು. ಅದರ ಕಾರ್ಡು ತೆಗೆದು ದುರ್ಬೀನಿನ ಕ್ಯಾಮರಾಕ್ಕೆ ಹಾಕಿ, ಹೊಸ್ತಿಲ ಮೇಲೆ ಕೂತು ಒಂದೊಂದಾಗಿ ಸರಿಸಿದೆ.

ಎಲ್ಲವೂ ಒಂದೇ ಥರ. ಕಪ್ಪು ಗುಡ್ಡದ ಗೆರೆ, ಅದರ ಮೇಲೆ ಒಂಟಿ ಮತ್ತಿಮರ, ದುರ್ಬೀನಿನ ನೆರಳು, ಬಗ್ಗಿ ಕೂತ ನನ್ನ ನೆರಳು. ಗೈಡಿಲ್ಲದ ಫೋಟೋ. ಚುಕ್ಕಿಗಳು ಚಿಕ್ಕ ಚಿಕ್ಕ ಗೀರುಗಳಾಗಿದ್ದವು, ನೆಲ ಮಾತ್ರ ಕದಲದೆ ನಿಂತಿತ್ತು. ಸರಿಸುತ್ತಾ ಹೋದೆ. ಹೋದೆ.

ಒಂದು ಫೋಟೋದಲ್ಲಿ ಎರಡು ತಲೆಗಳಿದ್ದವು.

ನನ್ನ ತಲೆಯ ಪಕ್ಕದಲ್ಲೇ ಇನ್ನೊಂದು, ಸೆರಗು ಹೊದ್ದದ್ದು, ಅಂಚು ಕಲಸಿಹೋದದ್ದು. ನನ್ನ ಅರ್ಧ ಬೆನ್ನಿನ ಮೇಲೆ ಕೆಂಪು ಬೆಳಕು. ಮುಂದಿನದರಲ್ಲಿ ಮತ್ತೆ ನಾನೊಬ್ಬಳೇ. ಆದರೆ ನನ್ನ ಪಕ್ಕದಿಂದ ಒಂದು ಕೆಂಪು ಗೆರೆ ಹೊರಟು ಗುಡ್ಡದ ಕಡೆಗೆ ಹೋಗಿತ್ತು. ಅದರ ಮುಂದಿನದರಲ್ಲಿ ಗೆರೆ ಇನ್ನೂ ಮುಂದೆ. ಇನ್ನೂ ಸಣ್ಣಗೆ. ನಾನು ಹೇಳಿದ ಹಾಗೆಯೇ ಅವಳು ಮುಂದೆ ಮುಂದೆ ಹೋಗುತ್ತಿದ್ದಳು. ದುರ್ಬೀನಿನ ಮುಂದೆ ಕೂತ ನನ್ನ ನೆರಳು ಒಂದರಲ್ಲೂ ತಲೆಯೆತ್ತಿರಲಿಲ್ಲ.

ಮತ್ತಿಮರದ ಎಡಕ್ಕೆ ಹೋಗಿ ಗೆರೆ ಚುಕ್ಕೆಯಾಯಿತು. ಮುಂದಿನದರಲ್ಲೂ ಅಲ್ಲೇ ಚುಕ್ಕೆ. ಅದರ ಮುಂದಿನದರಲ್ಲೂ. ಮೇಲೆ ಆಕಾಶ ಸರಿಯುತ್ತಾ ಇತ್ತು, ಕೆಳಗೆ ಆ ಕೆಂಪು ಚುಕ್ಕೆ ಇದ್ದಲ್ಲೇ ಇತ್ತು. ಎಷ್ಟೋ ಫೋಟೋಗಳ ತನಕ ಹಾಗೇ ಇದ್ದು, ಮಂಕಾಗುತ್ತಾ ಬಂದು, ಆಮೇಲೆ ಇಲ್ಲವಾಯಿತು. ಎದ್ದು ನಿಂತು ಆ ದಿಕ್ಕಿಗೆ ನೋಡಿದೆ. ಕತ್ತಲೆಯ ಮೇಲೆ ಕತ್ತಲೆ.

"ಅಕ್ಕಾ" ಎಂದೆ. ಇನ್ನೊಮ್ಮೆ ಕೂಗಿದೆ.

ಶಾಂತಕ್ಕ ಬಂದು ಪರದೆಯ ಮೇಲೆ ಬಗ್ಗಿದಳು. ಎರಡು ತಲೆಯ ಫೋಟೋ ನೋಡಿ ನನ್ನ ಮುಖ ನೋಡಿದಳು. "ನಿನ್ನ ಬಾಜೂಕ ನಿಂತಾರಲ್ಲವಾ! ಗೊತ್ತಾಗಲಿಲ್ಲೇನ?"

"ಕಾಲಿನ ಸಪ್ಪಳಾತು... ಕಾಕಾ ಅಂತ ತಿಳದೆ."

ಅದು ಆ ರಾತ್ರಿಯ ಎರಡನೆಯ ಸುಳ್ಳು.

ಅಂಗಳದ ಒಂದು ಮೂಲೆಯಲ್ಲಿ ಮಾತ್ರ ಮೊಬೈಲಿಗೆ ರೇಂಜು ಸಿಗುತ್ತಿತ್ತು. ಶಾಂತಕ್ಕ ಅಲ್ಲಿ ನಿಂತು ಗಂಡನಿಗೆ ಫೋನು ಹಚ್ಚಿದಳು. ಇಬ್ಬರೂ ಬಂದರು. ಕಾಕಾ ಫೋಟೋ ನೋಡಿದ್ದೇ "ಮತ್ತಿಮರದ ಎಡಕ್ಕ ಏನೈತಿ?" ಎಂದು ಕೇಳಿದ.

"ಹಳ್ಳ" ಎಂದ ಸಿದ್ರಾಯಿ ಮಾಮಾ. "ಅದರಾಚೆ ಬರೇ ಕಾಡು."

"ಪಾರೂ, ನೀನೂ ಬಾ. ಹಿಂಗ ಹಿಡದು ಸರೀ ಎಲ್ಲಿ ಅಂತ ತೋರಸು."

ಕ್ಯಾಮರಾವನ್ನು ಎದೆಗೆ ಅವಚಿಕೊಂಡು, ಇನ್ನೊಂದು ಕೈಯಲ್ಲಿ ಕಾಕಾನ ಅಂಗಿ ಹಿಡಿದು ನಡೆದೆ. ನಡುನಡುವೆ ನಿಂತು ಪರದೆಯ ಮರಕ್ಕೂ ಎದುರಿನ ಮರಕ್ಕೂ ತಾಳೆ ನೋಡಿ "ಇನ್ನೂ ಮುಂದ" ಎನ್ನುತ್ತಿದ್ದೆ. ಆಯಿಗೆ ಹೇಳಿದ್ದೂ ಅದೇ ಮಾತು. ಗದ್ದೆ ಮುಗಿದು ಕುರುಚಲು ಶುರುವಾಯಿತು. ಸಿದ್ರಾಯಿ ಮಾಮಾ "ಅವ್ವಾ! ಯವ್ವಾ!" ಎಂದು ಕೂಗಿದ.

ಕಾಕಾ ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿದ.

ತಗ್ಗಿನಿಂದ ಯಾರೋ ಮೆಲ್ಲಗೆ ಮಾತಾಡುತ್ತಿದ್ದರು. "ನಲವತ್ತು... ನಲವತ್ತೊಂದು... ನಲವತ್ತೆರಡು..."

ಒಣಗಿದ ಹಳ್ಳದ ಮರಳಿನ ಮೇಲೆ ಆಯಿ ಕೂತಿದ್ದಳು. ಒಂದು ಕಾಲು ಮಡಚಬಾರದ ಕಡೆಗೆ ಮಡಚಿತ್ತು. ಸೀರೆಯೆಲ್ಲ ಇಬ್ಬನಿಗೆ ತೊಯ್ದಿತ್ತು. ಆರಿಹೋದ ಟಾರ್ಚನ್ನು ಮರಿಯನ್ನು ಇಟ್ಟುಕೊಂಡ ಹಾಗೆ ಉಡಿಯಲ್ಲಿ ಇಟ್ಟುಕೊಂಡಿದ್ದಳು. ಕಾಕಾನ ಟಾರ್ಚಿನ ಬಿಳಿ ಬೆಳಕು ಬಿದ್ದರೂ ನಮ್ಮ ಕಡೆ ತಿರುಗಲಿಲ್ಲ. ಆಚೆ ದಂಡೆಯ ಪೊದೆಯ ಮೇಲೆ ಬೆರಳು ನೆಟ್ಟು ಹೇಳಿದಳು:

"ಸಪ್ಪಳ ಮಾಡಬ್ಯಾಡ್ರೋ. ಎಲ್ಲಾ ಸಿಕ್ಕಾವು. ಒಂದ ಕಮ್ಮಿ ಬರಾಕತ್ತೈತಿ."

ಕಾಕಾ ಪೊದೆಯ ಕಡೆ ಬೆಳಕು ಬಿಟ್ಟ. ಅಲ್ಲಿ ಏನೋ ಒಣ ಎಲೆಯ ಮೇಲೆ ಭಾರವಾಗಿ ಹೆಜ್ಜೆ ಇಡುತ್ತಾ ಒಳಗೆ ಹೋಯಿತು. ಸಿದ್ರಾಯಿ ಮಾಮಾ ತಾಯಿಯನ್ನು ಬೆನ್ನ ಮೇಲೆ ಹೊತ್ತುಕೊಂಡ. ಬೆಳಿಗ್ಗೆ ಅವನು ಆ ಜಾಗಕ್ಕೆ ಹೋಗಿ ಬಂದು, ಆಯಿ ಕೂತಿದ್ದ ಗುರುತಿನ ಸುತ್ತ ಮರಳಿನಲ್ಲಿ ಕರಡಿಯ ಹೆಜ್ಜೆ ಇವೆ ಎಂದು ಹೇಳಿದ. ಒಂದು ಬದಿಯಲ್ಲಲ್ಲ, ಸುತ್ತಲೂ.

ಪ್ರದರ್ಶನದಲ್ಲಿ ಕುದುರೆ ತಲೆಯ ಫೋಟೋಕ್ಕೆ ಎರಡನೇ ಬಹುಮಾನ ಬಂತು. 'ಗೈಡ್ ಇಲ್ಲದೆ' ಎಂದು ಬರೆದ ಕಡೆ ನಾನು ಯಾವುದೋ ಹಳೆಯ ಶಾವಿಗೆ ಫೋಟೋ ಅಂಟಿಸಿದ್ದೆ. ಆ ರಾತ್ರಿಯದನ್ನು ಹಾಕೆಂದು ಕಾಕಾ ಎರಡು ಸಲ ಹೇಳಿದ. ನಾನು ಅತ್ತುಬಿಟ್ಟೆ. ಮತ್ತೆ ಹೇಳಲಿಲ್ಲ.

ಮುಂದಿನ ಅಮಾವಾಸ್ಯೆಗೆ ನಾನು ಬರುವುದಿಲ್ಲವೆಂದೆ. ಶಾಂತಕ್ಕ ನಿನ್ನನ್ನು ನೋಡಬೇಕಂತೆ ಎಂದು ಕಾಕಾ ಒತ್ತಾಯ ಮಾಡಿ ಕರೆದುಕೊಂಡು ಹೋದ. ಆಯಿ ಕಾಲಿಗೆ ಪಟ್ಟಿ ಕಟ್ಟಿಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ಪಕ್ಕದ ಹೊಲದ ನಾಲ್ಕಾರು ಜನ ಮಾತಾಡಿಸಲು ಬಂದಿದ್ದರು. "ಯಾರ ಮಗಳವಾ ನೀ" ಎಂದು ಕೇಳುತ್ತಾಳೆಂದು ಮುಖ ತಗ್ಗಿಸಿ ನಿಂತೆ.

ಆಯಿ ಕೇಳಲಿಲ್ಲ. ನನ್ನನ್ನು ಬಹಳ ಹೊತ್ತು ನೋಡಿದಳು. ಸೊಸೆಯನ್ನೂ, ಕೆಲವು ದಿನ ಮಗನನ್ನೂ ಗುರುತಿಸದ ಮುದುಕಿ ಬೆರಳೆತ್ತಿ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

"ಇಕಿನ. ನನಗ ಹಾದಿ ತೋರಿಸಿದಾಕಿ ಇಕಿನ."

ಕೂತವರೆಲ್ಲ "ಹೌದಬೇ, ಫೋಟೋದಾಗ ಹುಡಕಿದಾಕಿ ಅಕೀನ" ಎಂದು ನನ್ನ ತಲೆ ಸವರಿದರು. ಶಾಂತಕ್ಕನ ಕಣ್ಣಲ್ಲಿ ನೀರು ಬಂತು. ಆಯಿ ಮಾತ್ರ ನನ್ನ ಮೇಲಿಂದ ಕಣ್ಣು ತೆಗೆಯಲಿಲ್ಲ. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಏನಿತ್ತೆಂದು ಹೇಳಲು ಈಗಲೂ ಬಾರದು. ಆ ರಾತ್ರಿ ದುರ್ಬೀನಿನ ಮುಂದೆ ಕೂತಾಗ ಹೆಗಲು ತಣ್ಣಗಾಯಿತು. ಹಿಂತಿರುಗಿ ನೋಡಿದೆ. ಯಾರೂ ಇರಲಿಲ್ಲ. ಚುಕ್ಕಿ ತಪ್ಪಿತು. ಇನ್ನೊಂದು ತೆಗೆದೆವು, ಅದೂ ತಪ್ಪಿತು. ಮೂರನೆಯ ಸಲಕ್ಕೆ ಕಾಕಾ "ಇರಲಿ ಬಿಡವಾ" ಎಂದು ತಾನೇ ಕೂತ. ಕಣ್ಣಿನಿಂದ ನೀರು ಸುರಿಸುತ್ತಾ ಗೈಡ್ ಮಾಡಿದ. ಡಯಲ್ ಗೇಜು ಎಂಬ ಮಾತು ಆಮೇಲೆ ಅವನ ಬಾಯಿಂದ ಬರಲಿಲ್ಲ.

ಆಯಿ ಆ ಬೇಸಿಗೆ ಕಳೆದು ಮೊದಲ ಮಳೆಗೆ ತೀರಿಕೊಂಡಳು. ಮನೆಯಲ್ಲಿ, ನಿದ್ದೆಯಲ್ಲಿ. ನಾವೂ ಹೋಗಿದ್ದೆವು. ಎಲ್ಲರೂ ಊಟಕ್ಕೆ ಕೂತಾಗ ಶಾಂತಕ್ಕ ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿದ್ದಳು. ನಾನು ಅವಳ ಮುಂದೆ ಕುಕ್ಕುರುಗಾಲಲ್ಲಿ ಕೂತು ಎಲ್ಲ ಹೇಳಿಬಿಟ್ಟೆ. ಆಯಿ ಏನು ಕೇಳಿದಳು, ನಾನು ಏನೆಂದೆ, ಯಾಕೆಂದೆ.

ಶಾಂತಕ್ಕ ಬೂದಿ ಹತ್ತಿದ ಕೈ ಹಾಗೇ ಇಟ್ಟುಕೊಂಡು ಕೇಳಿದಳು. ಬಯ್ಯುತ್ತಾಳೆಂದು ಕಾದೆ.

"ನಾನೂ ಅದನ್ನ ಹೇಳ್ತಿದ್ದೆನವಾ" ಎಂದಳು ಆಮೇಲೆ. "ದಿನಾ ಸಂಜೀಕ. ಕುರಿ ಮಾರೇವಿ ಅಂದ್ರ ಅತ್ತ ಅತ್ತ ಜೀವ ಬಿಡ್ತಿದ್ರು. ಮುಂದ ಹೋಗ್ಯಾವ್ರಿ ಅತ್ತಿ, ಗಡೀ ದಾಟ್ಯಾವು ಅಂದ್ರ ಸಮಾಧಾನ. ಮತ್ತೇನ ಹೇಳೂದು?" ಒಂದು ಪಾತ್ರೆ ತೊಳೆದು ಬೋರಲಿಟ್ಟಳು. "ಖರೇ, ನಾ ಹೇಳಿದಾಗ ಬಾಗಲ ತನಕ ಹೋಗಿ ತಿರಗಿ ಬರ್ತಿದ್ರು. ನಾ ಬಾಗಲದಾಗ ನಿಂತಿರ್ತಿದ್ದೆ."

ಅಷ್ಟೇ ಹೇಳಿ ಮುಂದಿನ ಪಾತ್ರೆ ತೆಗೆದುಕೊಂಡಳು.

ಇದೆಲ್ಲ ಆಗಿ ಬಹಳ ವರ್ಷಗಳಾದವು. ಕಾಕಾನ ಎಡಗಣ್ಣಿಗೂ ಈಗ ಪೊರೆ ಬಂದಿದೆ. ಆಪರೇಶನ್ ಆದರೂ ಮಬ್ಬು ಚುಕ್ಕಿಗಳು ಕಾಣುವುದಿಲ್ಲ ಎನ್ನುತ್ತಾನೆ. ಶಿವಬಸವ ನಗರದಲ್ಲಿ ಕರೆಂಟು ಹೋಗುವುದೇ ಅಪರೂಪ. ಹೋದರೂ ಮನೆಮನೆಯ ಇನ್ವರ್ಟರು ಕತ್ತಲನ್ನು ಒಂದು ಕ್ಷಣವೂ ನಿಲ್ಲಗೊಡುವುದಿಲ್ಲ. ಖಾನಾಪುರದ ರಸ್ತೆ ಅಗಲವಾಗಿದೆ, ದೀಪಗಳು ಬಂದಿವೆ. ಸಿದ್ರಾಯಿ ಮಾಮಾನ ಹೊಲದಿಂದ ನೋಡಿದರೆ ಉತ್ತರದ ಅರ್ಧ ಆಕಾಶ ಹಾಲು ಚೆಲ್ಲಿದ ಹಾಗೆ ಬಿಳಿಚಿಕೊಂಡಿರುತ್ತದೆ.

ಆದರೂ ಚಳಿಗಾಲದಲ್ಲಿ ಒಂದೆರಡು ಸಲ ಹೋಗುತ್ತೇನೆ. ಈಗ ಗೈಡ್ ಮಾಡಲು ಹೆಬ್ಬೆರಳಿನಷ್ಟು ಒಂದು ಕ್ಯಾಮರಾ ಇದೆ. ಅದು ಚುಕ್ಕಿಯನ್ನು ನೋಡುತ್ತದೆ, ಲ್ಯಾಪ್‌ಟಾಪು ಮೋಟಾರಿಗೆ ಹೇಳುತ್ತದೆ. ಇಪ್ಪತ್ತು ನಿಮಿಷವಲ್ಲ, ಇಡೀ ರಾತ್ರಿ ಒಂದು ಚುಕ್ಕಿಯೂ ತಪ್ಪುವುದಿಲ್ಲ. ಶಾಂತಕ್ಕ ಚಹಾ ಕೊಟ್ಟು, ಬಾಗಿಲು ಹಾಕಿಕೊಂಡು ಮಲಗುತ್ತಾಳೆ. ನನಗೆ ಮಾಡಲು ಏನೂ ಕೆಲಸವಿರುವುದಿಲ್ಲ. ಕೂಳೆಯ ಮೇಲೆ ಕುರ್ಚಿ ಹಾಕಿಕೊಂಡು, ದುರ್ಬೀನಿಗೆ ಬೆನ್ನು ಮಾಡಿ, ಹೊಲದ ಕಡೆ ಮುಖ ಮಾಡಿ ಕೂರುತ್ತೇನೆ. ಈಗ ಯಾರು ಬಂದು ಏನು ಕೇಳಿದರೂ ಎದ್ದು ಕೈ ಹಿಡಿದು ಮನೆಯ ತನಕ ಬಿಟ್ಟು ಬರುವಷ್ಟು ಬಿಡುವಿದೆ. ಬೆಳಗಾಗುವವರೆಗೂ ಕಾಯುತ್ತೇನೆ. ಯಾರೂ ಕೇಳುವುದಿಲ್ಲ.